ಗೌರಾಬಾಯಿಯ ಮೂವತ್ತೊಂದು ಮಾತು

ಗೌರಾಬಾಯಿ ವೈನ್ ಕುಡಿಯುವುದಿಲ್ಲ. ನಾನೂ ಕುಡಿಯುವುದಿಲ್ಲ. ಆದರೂ ತಿಕೋಟಾ ದಾರಿಯಲ್ಲಿರುವ ನಮ್ಮ ವೈನರಿಯ ನಲವತ್ತು ಟ್ಯಾಂಕುಗಳಲ್ಲಿ ಯಾವುದು ಹದಕ್ಕೆ ಬಂದಿದೆ, ಯಾವುದು ಹದ ತಪ್ಪುತ್ತಿದೆ ಎಂದು ಹೇಳುವವರು ನಾವಿಬ್ಬರೇ. ನಮ್ಮಿಬ್ಬರ ನಡುವೆ ಒಂದು ಯಂತ್ರ ಕುಳಿತಿರುತ್ತದೆ. ಕಾಗದಪತ್ರಗಳಲ್ಲಿ ಅದಕ್ಕೊಂದು ಉದ್ದನೆಯ ಹೆಸರಿದೆ. ಕೆಲಸಗಾರರೆಲ್ಲ ಅದನ್ನು ಕರೆಯುವುದು ‘ನಾಲಗಿ’ ಎಂದು.

ಗೌರಾಬಾಯಿ ಮೊದಲು ಒಣದ್ರಾಕ್ಷಿ ಶೆಡ್ಡಿನಲ್ಲಿ ಕಾಳು ಆರಿಸುತ್ತಿದ್ದವರು. ಯಾವ ತಟ್ಟೆಗೆ ಗಂಧಕದ ಹೊಗೆ ಹೆಚ್ಚಾಗಿದೆ, ಯಾವುದಕ್ಕೆ ಇಬ್ಬನಿ ಬಿದ್ದಿದೆ ಎಂದು ಹತ್ತು ಮಾರು ದೂರದಿಂದಲೇ ಹೇಳುತ್ತಿದ್ದರಂತೆ. ನಮ್ಮ ವೈನ್ ತಯಾರಿಕೆಯ ಮುಖ್ಯಸ್ಥೆ ದೇಸಾಯಿ ಮೇಡಂ ಅದನ್ನು ಒಮ್ಮೆ ಕಣ್ಣಾರೆ ಕಂಡು ಅವರನ್ನು ಇಲ್ಲಿಗೆ ಕರೆತಂದರು. ಕೊರಳಲ್ಲಿ ಲಿಂಗವಿರುವ ಹೆಂಗಸು ವೈನ್ ಬಾಯಿಗೆ ಹಾಕಿಕೊಳ್ಳುವುದೆಂತು ಎಂಬ ಪ್ರಶ್ನೆ ಬಂದಾಗ ಗೌರಾಬಾಯಿಯೇ ದಾರಿ ಕಂಡುಕೊಂಡರು. ಒಂದು ಗುಟುಕು ತೆಗೆದುಕೊಂಡು, ಬಾಯಲ್ಲಿ ಆಡಿಸಿ, ಸ್ಟೀಲಿನ ತಂಬಿಗೆಗೆ ಉಗುಳಿಬಿಡುವುದು. "ನಾ ಅದನ್ನ ಕುಡ್ಯಾಂಗಿಲ್ಲ. ಮಾತಾಡಿಸಿ ಕಳಸ್ತೀನಿ," ಎಂದಿದ್ದರು.

ಅವರು ಒಂದು ಬೆಳಗ್ಗೆ ಹನ್ನೆರಡು ಟ್ಯಾಂಕುಗಳನ್ನಷ್ಟೇ ಮಾತಾಡಿಸಬಲ್ಲರು. ಆಮೇಲೆ ನಾಲಿಗೆ ಜಡ್ಡುಗಟ್ಟುತ್ತದೆ. ಉಳಿದ ಇಪ್ಪತ್ತೆಂಟರ ಗತಿಯೇನು? ಅದಕ್ಕಾಗಿ ಯಂತ್ರ ಬಂತು.

ಯಂತ್ರವನ್ನು ನನಗೆ ತಿಳಿದಷ್ಟು ವಿವರಿಸುತ್ತೇನೆ. ನಾನು ಹಗಲು ಬಾಟಲಿ ತೊಳೆಯುತ್ತ, ಸಂಜೆ ತರಗತಿಗಳಲ್ಲಿ ರಸಾಯನಶಾಸ್ತ್ರ ಕಲಿತವನು. ತಪ್ಪಿದ್ದರೆ ತಿಳಿದವರು ತಿದ್ದಬೇಕು. ಅದರಲ್ಲಿ ಎರಡು ಭಾಗಗಳಿವೆ. ದ್ರವದಲ್ಲಿ ಮುಳುಗುವ ಸೂಜಿಗಳದ್ದು ಒಂದು ಭಾಗ. ಹುಳಿ, ಕಹಿ, ಒಗರು ಇದ್ದಂತೆ ಅವುಗಳಲ್ಲಿ ಹರಿಯುವ ವಿದ್ಯುತ್ತು ಬದಲಾಗುತ್ತದೆ. ಇನ್ನೊಂದು, ಮೇಲಿರುವ ಬೆಚ್ಚನೆಯ ಪುಟ್ಟ ಗೂಡು. ವೈನಿನ ಆವಿ ಅಲ್ಲಿಯ ಲೋಹದ ಪೊರೆಗಳಿಗೆ ತಗುಲಿದಾಗ ಅವುಗಳ ವಿದ್ಯುತ್ ತಡೆ ಏರಿಳಿಯುತ್ತದೆ. ಒಂದನ್ನು ನಾಲಿಗೆ, ಇನ್ನೊಂದನ್ನು ಮೂಗು ಎನ್ನಬಹುದು. ಒಂದು ಮಾದರಿ ಇಟ್ಟರೆ ಅರವತ್ತನಾಲ್ಕು ಅಂಕಿಗಳು ಬರುತ್ತವೆ.

ಅರವತ್ತನಾಲ್ಕು ಅಂಕಿಗಳಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಯಂತ್ರದ ಹೊಸತನ ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಅದು ಒಬ್ಬ ಮನುಷ್ಯನಿಂದ ಪಾಠ ಕಲಿಯುತ್ತದೆ. ಎರಡು ಸುಗ್ಗಿ ಗೌರಾಬಾಯಿ ಅದರ ಎದುರು ಕುಳಿತು ಅದೇ ಮಾದರಿಗಳ ರುಚಿ ನೋಡಿ ಮಾತು ಹೇಳಿದರು. ಇಂಥ ಅಂಕಿಗಳು ಬಂದಾಗ ಈ ಹೆಂಗಸು ಇಂಥ ಮಾತನ್ನು, ಹತ್ತಕ್ಕೆ ಇಷ್ಟರಂತೆ ಹೇಳುತ್ತಾಳೆ ಎಂಬುದನ್ನು ಯಂತ್ರ ಕಲಿತಿತು. ಅಂದರೆ ಯಂತ್ರಕ್ಕೆ ವೈನ್ ಗೊತ್ತಿಲ್ಲ. ಗೌರಾಬಾಯಿ ಗೊತ್ತು.

ಮಾತುಗಳೂ ಅವರವೇ. ಯಂತ್ರದ ಕಂಪನಿಯವರು ಪರದೇಶದ ಹಣ್ಣುಗಳ ಪಟ್ಟಿಯೊಂದನ್ನು ಕಳಿಸಿದ್ದರು. "ನಾ ಕಾಣದ ಹಣ್ಣಿನ ಹೆಸರು ಹೇಳಿದ್ರ ಸುಳ್ಳಾಕ್ಕೈತಿ," ಎಂದು ಗೌರಾಬಾಯಿ ಅದನ್ನು ಪಕ್ಕಕ್ಕಿಟ್ಟರು. ಅದರ ಬದಲು ಹುರಿದ ಅಗಸಿ, ಕವಳಿ ಹಣ್ಣು, ಹಸಿ ಕಡಲೆ ಗಿಡ, ಸುಟ್ಟ ಎಳೆ ಜೋಳದ ಸೀತನಿ, ಹಳೇ ಟ್ರಂಕು, ಎರೆ ಮಣ್ಣಿಗೆ ಬಿದ್ದ ಮೊದಲ ಮಳೆ ಬಂದವು. ಒಟ್ಟು ಮೂವತ್ತೊಂದು. ಹನ್ನೆರಡು ನಾಲಿಗೆಯವು, ಹತ್ತೊಂಬತ್ತು ಮೂಗಿನವು. ಅವುಗಳಲ್ಲಿ ಒಂದನ್ನು ಎಲ್ಲರೂ ಅಂಜಿಕೆಯಿಂದ ಕೇಳುತ್ತಿದ್ದರು. ಅದು ‘ಮದಿವಿ ಮನಿ’. ಮದುಮಗಳು ಉಗುರಿಗೆ ಬಣ್ಣ ಹಚ್ಚಿಕೊಳ್ಳುವಾಗ ಬರುವ ವಾಸನೆ. ವೈನಿನಲ್ಲಿ ಅದು ಮೂರು ದಾಟಿತೆಂದರೆ ಟ್ಯಾಂಕಿನೊಳಗೆ ಬೇಡದ ಸೂಕ್ಷ್ಮಜೀವಿ ಸೇರಿದೆ, ವೈನ್ ಸಿರ್ಕಾ, ಅಂದರೆ ವಿನೆಗರ್, ಆಗುವ ದಾರಿ ಹಿಡಿದಿದೆ ಎಂದರ್ಥ.

ಉಪಕರಣಗಳು ಕಾಲಕ್ರಮದಲ್ಲಿ ದಾರಿ ತಪ್ಪುತ್ತವೆ. ಹಾಗಾಗಿ ದಿನಾ ಬೆಳಗ್ಗೆ ಹೊಂದಾಣಿಕೆ ನಡೆಯುತ್ತದೆ. ಆರು ಮಾದರಿಗಳನ್ನು ಮೊದಲು ಯಂತ್ರ ನೋಡುತ್ತದೆ. ಪರದೆ ನನ್ನ ಕಡೆಗೆ ಮಾತ್ರ ಇರುತ್ತದೆ. ಆಮೇಲೆ ಗೌರಾಬಾಯಿ ರುಚಿ ನೋಡಿ ಅಂಕಿ ಹೇಳುತ್ತಾರೆ. ಎರಡರ ನಡುವೆ ವ್ಯತ್ಯಾಸ ಬಂದರೆ, ಆ ವ್ಯತ್ಯಾಸದ ಇಪ್ಪತ್ತನೇ ಒಂದು ಪಾಲಿನಷ್ಟು ಯಂತ್ರವನ್ನು ಅವರ ಕಡೆಗೆ ಸರಿಸುವ ಗುಂಡಿ ನಾನು ಒತ್ತುತ್ತೇನೆ. ಮನುಷ್ಯನೇ ಪ್ರಮಾಣ, ಯಂತ್ರ ಹಿಂಬಾಲಕ ಎಂಬುದು ನಿಯಮ. ಆ ನಿಯಮವನ್ನು ನಾನು ಒಂದು ದಿನವೂ ಮೀರಲಿಲ್ಲ. ಈ ಕಥೆಯ ತಪ್ಪೆಲ್ಲ ಅಲ್ಲಿಂದಲೇ ಹುಟ್ಟಿದ್ದು.

ಮಾರ್ಚ್ ತಿಂಗಳ ಒಂದು ಶನಿವಾರ. ಸುಗ್ಗಿಯ ಕೊನೆಯ ವಾರ. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಹದಿನಾಲ್ಕು ಟ್ಯಾಂಕಿನ ಶಿರಾಜ್ ವೈನನ್ನು ಒಂದೇ ದೊಡ್ಡ ತೊಟ್ಟಿಗೆ ಬಿಟ್ಟು ಬೆರೆಸುವುದೆಂದು ಗೊತ್ತಾಗಿತ್ತು. ಹತ್ತೊಂಬತ್ತನೇ ಟ್ಯಾಂಕಿನ ಮಾದರಿ ಇಟ್ಟೆ.

"ಹುಳಿ ಆರು," ಎಂದರು ಗೌರಾಬಾಯಿ, ತಂಬಿಗೆಗೆ ಉಗುಳಿ. "ನಿನ್ನಿಗಿಂತ ಒಂದು ಹೆಚ್ಚೈತಿ. ಒಗರು ನಾಕು."

"ಮದಿವಿ ಮನಿ ರೀ ಗೌರಕ್ಕ?"

ಅವರು ಗ್ಲಾಸನ್ನು ಮೂಗಿಗೆ ಹಿಡಿದು ನನ್ನನ್ನೇ ನೋಡಿದರು. ಪರದೆಯ ಮೇಲೆ ಎರಡು ಇತ್ತು.

"ಒಂದು."

"ಒಂದಾ ರೀ?"

"ಯಾಕ, ಮದುಮಗ ನೀನೇನು? ಒಂದು ಅಂದ್ರ ಒಂದು."

ನಗುತ್ತ ಗುಂಡಿ ಒತ್ತಿದೆ. ಗ್ಲಾಸು ಎತ್ತಿಡುವಾಗ ಕೈ ತಪ್ಪಿ ಅಂಗಿಯ ಮೇಲೆ ಚೆಲ್ಲಿತು.

ಮನೆಗೆ ಬಂದಾಗ ಹೆಂಡತಿ ಹಸೀನಾ ಅಂಗಿಯನ್ನು ಬಕೆಟ್ಟಿಗೆ ಹಾಕಲು ಎತ್ತಿಕೊಂಡವಳು ಅಲ್ಲಿಯೇ ನಿಂತಳು.

"ಯಾರ ಮದಿವಿಗಿ ಹೋಗಿದ್ರಿ?"

"ಯಾವ ಮದಿವಿ?"

"ಉಗುರ ಬಣ್ಣದ ವಾಸನಿ ಹೊಡ್ಯಾಕತ್ತೈತಿ. ನನ್ನ ಬಿಟ್ಟು ಹೋಗಿ ಬಂದ್ರೇನು?"

"ವೈನ್ ಚೆಲ್ಲೈತಿ. ಅದರ ವಾಸನಿ ಹಂಗ ಇರ್ತೈತಿ."

"ಆರು ವರ್ಷ ಆತು ನಿಮ್ಮ ಅಂಗಿ ಒಗ್ಯಾಕತ್ತು," ಎಂದಳು ಹಸೀನಾ. "ಅದರ ವಾಸನಿ ನಿಮಗಿಂತ ನನಗ ಚಲೋ ಗೊತ್ತೈತಿ. ಇದು ಅದಲ್ಲ."

ಒಂದು ಮಾತು ಒಪ್ಪಿಕೊಳ್ಳಬೇಕು. ಆ ವಾಸನೆ ಬೆಳಗ್ಗೆ ನನ್ನ ಮೂಗಿಗೂ ಬಡಿದಿತ್ತು. ಆದರೆ ಗೌರಾಬಾಯಿ ಒಂದು ಎಂದ ಮೇಲೆ, ಯಂತ್ರ ಎರಡು ಎಂದ ಮೇಲೆ, ನನ್ನ ಮೂಗು ಯಾವ ಲೆಕ್ಕ ಎಂದುಕೊಂಡೆ. ಬೇರೆಯವರು ಹೇಳಿದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸ ಎಂದೇ ನಾನು ತಿಳಿದಿದ್ದೆ.

ಭಾನುವಾರ ಬೆಳಗ್ಗೆ ಒಬ್ಬನೇ ಪ್ರಯೋಗಾಲಯಕ್ಕೆ ಹೋದೆ. ಯಂತ್ರ ಬಂದ ಮೇಲೆ ಬಟ್ಟಿ ಇಳಿಸುವ ಗಾಜಿನ ಸಾಮಾನುಗಳಿಗೆ ಕೆಲಸ ಕಡಿಮೆಯಾಗಿ, ಹದಿನೈದು ದಿನಕ್ಕೊಮ್ಮೆ ಮಾತ್ರ ಕಪಾಟಿನಿಂದ ಕೆಳಗಿಳಿಯುತ್ತಿದ್ದವು. ಹತ್ತೊಂಬತ್ತರ ಮಾದರಿಯನ್ನು ಉಗಿಯಲ್ಲಿ ಬಟ್ಟಿ ಇಳಿಸಿ, ಹನಿ ಹನಿಯಾಗಿ ಕ್ಷಾರ ಬಿಟ್ಟು, ಗುಲಾಬಿ ಬಣ್ಣ ಬರುವುದನ್ನು ಕಾದೆ. ಬಣ್ಣ ಬರಲೇ ಇಲ್ಲ. ಹನಿ ಬಿಡುತ್ತಲೇ ಹೋದೆ. ಕೊನೆಗೆ ಬಂದಾಗ ಲೀಟರಿಗೆ ಒಂದೂವರೆ ಗ್ರಾಂ ಸಿರ್ಕಾದ ಆಮ್ಲ. ಮುಕ್ಕಾಲು ಗ್ರಾಂ ದಾಟಬಾರದು. ನನ್ನ ಕೈಯ ಮೇಲೆ ನನಗೆ ನಂಬಿಕೆ ಕಡಿಮೆ. ಮತ್ತೆ ಎರಡು ಸಲ ಮಾಡಿದೆ. ಒಂದೂವರೆಯೇ.

ಆ ಒಂದು ಟ್ಯಾಂಕು ಉಳಿದ ಹದಿಮೂರರ ಜೊತೆ ಬೆರೆತರೆ ಇಡೀ ತೊಟ್ಟಿ ಹಾಳು. ತಪ್ಪು ಯಂತ್ರದ್ದಿರಬೇಕು ಎಂದುಕೊಂಡೆ.

ಯಂತ್ರ ಹಳೆಯ ಹೊಂದಾಣಿಕೆಗಳನ್ನು ತಿಂಗಳಾದ ಮೇಲೆ ಅಳಿಸಿಬಿಡುತ್ತದೆ. ನನಗೆ ಅಳಿಸುವುದೆಂದರೆ ಭಯ. ಪ್ರತಿ ತಿಂಗಳ ಕೊನೆಗೆ ಅದರದೊಂದು ಪ್ರತಿಯನ್ನು ಪೆನ್ ಡ್ರೈವಿನಲ್ಲಿ ಇಟ್ಟುಕೊಂಡಿದ್ದೆ. ಜೊತೆಗೆ ದಿನದ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ, ಯಂತ್ರದ್ದು ನೀಲಿಯಲ್ಲಿ, ಗೌರಾಬಾಯಿಯದು ಕೆಂಪಿನಲ್ಲಿ. ಇದನ್ನು ಕಂಡವರು ಗೇಲಿ ಮಾಡಿದ್ದರು. ಈಗ ಅದೇ ಮಾದರಿಯನ್ನು ಇಟ್ಟು, ಹಳೆಯ ಪ್ರತಿಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಅಕ್ಟೋಬರಿನ ಯಂತ್ರ ‘ಮದಿವಿ ಮನಿ ಏಳು’ ಎಂದಿತು. ನವೆಂಬರಿನದು ಆರು. ಡಿಸೆಂಬರಿನದು ಐದು. ಜನವರಿಯದು ಮೂರು. ಫೆಬ್ರವರಿಯದು ಎರಡು. ಗಾಜು ಅದೇ, ವೈನ್ ಅದೇ, ಸೂಜಿಗಳು ಅವೇ. ಬದಲಾದದ್ದು ನಾನು ದಿನಾ ಒತ್ತಿದ ಗುಂಡಿಯಿಂದ ಆದ ಸರಿಸುವಿಕೆ ಮಾತ್ರ.

ಮೂವತ್ತೊಂದು ಮಾತುಗಳನ್ನೂ ಹಾಗೆಯೇ ನೋಡಿದೆ. ಹುಳಿ, ಕಹಿ, ಒಗರು ಇದ್ದಲ್ಲಿಯೇ ಇದ್ದವು. ಮೂಗಿನ ಹತ್ತೊಂಬತ್ತೂ ಕುಸಿದಿದ್ದವು. ಯಂತ್ರ ಕೆಟ್ಟಿರಲಿಲ್ಲ. ಅದು ಯಾರನ್ನು ಹಿಂಬಾಲಿಸುತ್ತಿತ್ತೋ ಅವರ ಮೂಗು ಹೋಗಿತ್ತು. ನಾನು ದಿನಾ ಇಷ್ಟಿಷ್ಟೇ ಯಂತ್ರದ ಮೂಗನ್ನೂ ಕೊಯ್ಯುತ್ತ ಬಂದಿದ್ದೆ, ಬಹಳ ಶ್ರದ್ಧೆಯಿಂದ.

ನೋಟ್‌ಬುಕ್ಕಿನಲ್ಲಿ ಇನ್ನೊಂದು ಸೋಜಿಗ ಕಂಡಿತು. ದೀಪಾವಳಿಗಿಂತ ಮೊದಲು ಕೆಂಪು ಅಂಕಿ ನೀಲಿಗಿಂತ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ, ಒಮ್ಮೆ ಸಮ. ಅದು ಸಹಜ. ದೀಪಾವಳಿಯ ನಂತರ, ಮೂಗಿನ ಮಾತುಗಳಲ್ಲಿ ಮಾತ್ರ, ಕೆಂಪು ನೀಲಿಗಿಂತ ಸರಿಯಾಗಿ ಒಂದು ಕಡಿಮೆ. ನೂರಾ ಹನ್ನೊಂದು ಬೆಳಗುಗಳಲ್ಲಿ ಹೆಚ್ಚುಕಡಿಮೆ ಎಲ್ಲ ಬೆಳಗೂ. ವಾಸನೆ ತಿಳಿಯದವರ ಅಂಕಿ ಎತ್ತೆತ್ತಲೋ ಹೋಗಬೇಕಲ್ಲವೇ? ಇಷ್ಟು ಕ್ರಮವಾಗಿ ತಪ್ಪಬೇಕಾದರೆ ಯಂತ್ರದ ಅಂಕಿ ಮೊದಲೇ ಗೊತ್ತಿರಬೇಕು. ಪರದೆ ಮಾತ್ರ ನನ್ನ ಕಡೆಗಿತ್ತು. ಮೇಲಾಗಿ ಗೌರಾಬಾಯಿಗೆ ಓದಲು ಬರುವುದಿಲ್ಲ.

ದೇಸಾಯಿ ಮೇಡಂಗೆ ಫೋನ್ ಮಾಡಲೆಂದು ಮೂರು ಸಲ ಮೊಬೈಲ್ ತೆಗೆದೆ. ಹೇಳಿದರೆ ತೊಟ್ಟಿ ಉಳಿಯುತ್ತದೆ, ಗೌರಾಬಾಯಿ ಮತ್ತೆ ಒಣದ್ರಾಕ್ಷಿ ಶೆಡ್ಡಿಗೆ ಹೋಗುತ್ತಾರೆ. ಅಲ್ಲಿಯೂ ಮೂಗು ಬೇಕು. ಹೇಳದಿದ್ದರೆ ಒಂಬತ್ತಕ್ಕೆ ತೊಟ್ಟಿಯ ನಲ್ಲಿ ತೆರೆಯುತ್ತದೆ. ಮೊಬೈಲನ್ನು ಜೇಬಿಗಿಟ್ಟು ಸಂಜೆ ಗೌರಾಬಾಯಿಯ ಮನೆಗೆ ಹೋದೆ.

ಅಂಗಳದಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಒಳಗೆ ಒಲೆಯ ಮೇಲೆ ಏನೋ ಸೀಯುತ್ತಿತ್ತು.

"ಗೌರಕ್ಕ, ಒಳಗ ಏನೋ ಹತ್ತಾಕತ್ತೈತ್ರಿ."

ಅವರು ಮೊರ ಕೆಳಗಿಟ್ಟು ಒಳಗೆ ಓಡಿದರು. ಸ್ವಲ್ಪ ಹೊತ್ತಿನ ಮೇಲೆ ತಳ ಕಪ್ಪಾದ ಹಾಲಿನ ಪಾತ್ರೆ ತಂದು ಬಚ್ಚಲ ಕಲ್ಲಿನ ಮೇಲಿಟ್ಟು, ನನ್ನ ಕಡೆಗೆ ತಿರುಗದೆ ನಿಂತರು.

"ಯಾವಾಗಿಂದ ರೀ?" ಎಂದೆ.

"ದೀಪಾವಳಿ ಜ್ವರ," ಎಂದರು. "ಅಮಾಸಿ ದಿನ ಜ್ವರ ಬಿಡ್ತು. ಪಾಡ್ಯದ ದಿನ ಊದಿನಕಡ್ಡಿ ಹಚ್ಚಿದ್ನಿ. ಹೊಗಿ ಕಾಣ್ತು, ವಾಸನಿ ಇಲ್ಲ. ಗಾಳಿ ಬ್ಯಾರೆ ಕಡೆ ಐತಿ ಅಂದ್ಕೊಂಡ್ನಿ."

"ಯಾರಿಗೂ ಹೇಳಲಿಲ್ಲಲ್ಲ."

"ಇವತ್ತು ಬರ್ತೈತಿ, ನಾಳಿ ಬರ್ತೈತಿ ಅಂತ ಕಾದ್ನಿ. ಆಮ್ಯಾಲ ಹೇಳೂ ದಿನ ದಾಟಿಹೋತು." ಪಾತ್ರೆಗೆ ನೀರು ಸುರಿದರು. "ನಾಲಗಿ ಮಾತ್ರ ನೆಟ್ಟಗ ಐತಿ, ತಮ್ಮಾ. ಅದರಾಗ ಸುಳ್ಳು ಹೇಳಿಲ್ಲ."

ಅದು ನಿಜ. ನಿನ್ನೆ ಹುಳಿ ಒಂದು ಹೆಚ್ಚಿದೆ ಎಂದು ಹೇಳಿದ್ದರು. ಸಿರ್ಕಾದ ಹುಳಿ ಅದು. ನಾನು ಬರೆದುಕೊಂಡು ಸುಮ್ಮನಾಗಿದ್ದೆ.

"ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಯಂತ್ರದ ಅಂಕಿ ನಿಮಗ ಹ್ಯಾಂಗ ಗೊತ್ತಾಗತಿತ್ತು?"

ಅವರು ಮೊದಲ ಸಲ ನಕ್ಕರು.

"ನಿನ್ನ ಮಾರಿ ಮ್ಯಾಲ ಬರದಿರ್ತೈತಲ್ಲೋ. ಏಳು ಎಂಟು ಬಂದ್ರ ಹುಬ್ಬು ಏರ್ತಾವ. ಮೂರು ಬಂದ್ರ ತುಟಿ ಒಳಗ ಎಳ್ಕೊಂತಿ. ಒಂದು ಬಂದ್ರ ಉಸುರು ಬಿಡ್ತಿ. ಅಕ್ಷರ ಓದಾಕ ಬರದಾಕಿ ಏನಾರ ಓದಬೇಕಲ್ಲ."

ನನ್ನ ಮುಖ ಬಿಸಿಯಾಯಿತು. ಅದನ್ನೂ ಅವರು ಓದಿರಬೇಕು.

"ಹಂಗಾದ್ರ ಸರಿಯಾಗಿ ಅದನ್ನ ಹೇಳಬಹುದಿತ್ತಲ್ರಿ. ಒಂದು ಕಡಿಮಿ ಯಾಕ?"

"ನಿನ್ನ ಮಾರಿ ಮ್ಯಾಲಿಂದು ಇದ್ದಂಗ ಎತ್ತಿ ಹೇಳಿದ್ರ ಕಳವು ಆಕ್ಕೈತಿ. ಇಲ್ಲದ ವಾಸನಿ ಐತಿ ಅಂದ್ರ ಸುಳ್ಳಾಕ್ಕೈತಿ. ಹೆಚ್ಚು ಹೇಳೂಕಿಂತ ಒಂದು ಕಡಿಮಿ ಹೇಳೂದು ಮೇಲು ಅಂತ..." ಮಾತು ನಿಲ್ಲಿಸಿ ಕೇಳಿದರು, "ಯಾಕ, ಏನಾತು?"

ಹೇಳಿದೆ. ಅವರು ನನ್ನ ಮುಖ ನೋಡಿ ಒಂದು ಕಡಿಮೆ ಹೇಳುತ್ತಿದ್ದರು. ಅದನ್ನು ನಂಬಿ ನಾನು ಯಂತ್ರವನ್ನು ಕೆಳಗಿಳಿಸುತ್ತಿದ್ದೆ. ಯಂತ್ರ ಇಳಿದಂತೆ ನನ್ನ ಮುಖವೂ ಇಳಿಯುತ್ತಿತ್ತು. ಆಗ ಅವರು ಅದಕ್ಕಿಂತ ಒಂದು ಕಡಿಮೆ. ಇಬ್ಬರೂ ಸುಳ್ಳು ಹೇಳಬಾರದೆಂದು ಜೋಪಾನ ಮಾಡುತ್ತಲೇ ಯಂತ್ರದ ಕಣ್ಣಿಗೆ ಬಟ್ಟೆ ಕಟ್ಟಿದ್ದೆವು.

ಗೌರಾಬಾಯಿ ಮೊರದಲ್ಲಿ ಉಳಿದಿದ್ದ ಜೋಳವನ್ನು ಡಬ್ಬಿಗೆ ಸುರಿದರು.

"ಹತ್ತೊಂಬತ್ತು ಎಷ್ಟೈತಿ?"

"ಹಳೇ ನಾಲಗಿ ಏಳು ಅಂತು."

"ಏಳು," ಎಂದರು. "ನಾಳಿ ಎಂಟಕ್ಕ ಬಾ. ನೀ ಏನೂ ಹೇಳಬ್ಯಾಡ. ನಾನು ಹೇಳ್ತೀನಿ. ನಿನ್ನ ಕೈಲಿ ಹೇಳಿಸಿದ್ರ ಅರ್ಧ ನುಂಗ್ತಿ."

ಸೋಮವಾರ ಎಂಟಕ್ಕೆ ದೇಸಾಯಿ ಮೇಡಂ ಕೋಣೆಯಲ್ಲಿ ಗೌರಾಬಾಯಿ ಕೂರಲಿಲ್ಲ. ನಿಂತೇ ಹೇಳಿದರು. ಜ್ವರ, ಊದಿನಕಡ್ಡಿ, ನನ್ನ ಮುಖ, ಒಂದು ಕಡಿಮೆ, ಒಂದನ್ನೂ ಬಿಡಲಿಲ್ಲ. ಮೇಡಂ ಫೋನ್ ಎತ್ತಿ ಬೆರೆಸುವುದನ್ನು ಮಧ್ಯಾಹ್ನಕ್ಕೆ ಮುಂದೂಡಿ, ಹತ್ತೊಂಬತ್ತನ್ನು ಬೇರೆ ಇಡಲು ಹೇಳಿದರು.

"ಐದು ತಿಂಗಳು ಗೌರಕ್ಕ," ಎಂದರು ಆಮೇಲೆ. "ಈ ಐದು ತಿಂಗಳದಾಗ ನಾ ನಿಮ್ಮ ಮಾತಿನ ಮ್ಯಾಲ ಎಷ್ಟು ಟ್ಯಾಂಕು ಪಾಸ್ ಮಾಡೀನಿ ಗೊತ್ತೇನ್ರಿ?"

"ಗೊತ್ತೈತ್ರಿ. ಅದಕ್ಕ ನಿದ್ದಿ ಇರಲಿಲ್ಲ."

"ನಿದ್ದಿ ಇಲ್ಲಂದ್ರ ನನಗ ಹೇಳಬೇಕಿತ್ತು." ನನ್ನ ಕಡೆ ತಿರುಗಿದರು. "ಉಳಿದ ಹದಿಮೂರು ಮಧ್ಯಾಹ್ನದ ಒಳಗ ನೋಡಾಕ ಆಕ್ಕೈತೇನು?"

"ಎಲ್ಲಾನೂ ಬಟ್ಟಿ ಇಳಸಾಕ ಆಗಂಗಿಲ್ರಿ. ಮೂರು ನಾಕು ಆಕ್ಕಾವ. ಅಕ್ಟೋಬರ್ ತಿಂಗಳ ನಾಲಗಿ ನನ್ನ ಹತ್ರ ಐತ್ರಿ. ಅದನ್ನ ಹಾಕಿ, ಬಟ್ಟಿ ಇಳಿಸಿದ್ದರ ಜೋಡಿ ತಾಳೆ ನೋಡಬಹುದು."

"ಹಳೇ ಯಂತ್ರದ ಮಾತು, ಸರಿ. ಇವತ್ತಿನ ಹೊಂದಾಣಿಕೆಗೆ ಮನುಷ್ಯ ಯಾರು? ಒಬ್ಬ ಮನುಷ್ಯ ಇಲ್ಲದೇ ನಾ ಸಹಿ ಹಾಕಂಗಿಲ್ಲ."

ಗೌರಾಬಾಯಿಯೇ ಮಾತಾಡಿದರು.

"ನಾಲಗಿ ನಂದೈತಿ. ಮೂಗು ಇವಂದು."

"ನಂದಾ?" ಎಂದೆ. "ನನಗೇನು ಗೊತ್ತಾಕ್ಕೈತ್ರಿ? ನಾ ಬರೀ ಬರ್ಕೊಳ್ಳಾಂವ."

"ನನ್ನ ಹಾಲು ಹತ್ತಿದ್ದು ಯಾರಿಗಿ ಗೊತ್ತಾತು, ನಿನ್ನ ಯಂತ್ರಕ್ಕೇನು?" ಎಂದು ಮೇಡಂ ಕಡೆಗೆ ತಿರುಗಿದರು. "ನಾಕ ವರ್ಷ ನನ್ನ ಮಾತು ಕೇಳ್ಯಾನ್ರಿ. ಮೂವತ್ತೊಂದೂ ಬಾಯಿಪಾಠ ಅದಾವ. ಕುಡ್ಯಾಂಗಿಲ್ಲ, ಉಗುಳೂದೂ ಬ್ಯಾಡ. ಮೂಸಿದ್ರ ಸಾಕು."

ಮೇಡಂ ಇಬ್ಬರನ್ನೂ ನೋಡಿದರು. "ಈ ಸುಗ್ಗಿ ಮುಗಿಯೂತನ," ಎಂದರು ಕೊನೆಗೆ. "ಆಮ್ಯಾಲ ನಿಮ್ಮ ವಿಚಾರ ಬ್ಯಾರೆ ಮಾತಾಡೋಣ ಗೌರಕ್ಕ. ನಾ ಈಗ ಏನೂ ಮಾತು ಕೊಡಂಗಿಲ್ಲ. ನಾಳಿನೇ ಮೂಗಿನ ಡಾಕ್ಟರಿಗೆ ತೋರಿಸ್ರಿ."

ಪ್ರಯೋಗಾಲಯದಲ್ಲಿ ನಾಲ್ಕನೇ ಟ್ಯಾಂಕಿನಿಂದ ಶುರು ಮಾಡಿದೆವು. ಅಕ್ಟೋಬರಿನ ಪ್ರತಿ ಹಾಕಿ, ಮಾದರಿ ಇಟ್ಟು, ಪರದೆ ಬೆಳಗುವ ಮೊದಲೇ ಅದನ್ನು ಗೋಡೆಯ ಕಡೆಗೆ ತಿರುಗಿಸಿದೆ. ಯಂತ್ರ ಏನು ಹೇಳಿತೆಂದು ನನಗೂ ತಿಳಿಯಬಾರದು.

ಗೌರಾಬಾಯಿ ಗುಟುಕು ತೆಗೆದುಕೊಂಡು ಆಡಿಸಿ ಉಗುಳಿದರು. "ಹುಳಿ ನಾಕು. ಒಗರು ಐದು. ಕಹಿ ಎರಡು." ಅದೇ ಟ್ಯಾಂಕಿನ ಇನ್ನೊಂದು ಗ್ಲಾಸನ್ನು ನನ್ನ ಮುಂದೆ ಸರಿಸಿದರು.

ಎತ್ತಿಕೊಂಡೆ. ಆರು ವರ್ಷ ದಿನಾ ಹಿಡಿದ ಗ್ಲಾಸು. ಒಂದು ದಿನವೂ ಬೇಕೆಂದು ಮೂಗಿಗೆ ತಂದಿರಲಿಲ್ಲ. ಮೊದಲು ಬರೀ ಗಾಟು. ಎರಡನೇ ಸಲಕ್ಕೆ ಗಾಟಿನ ಹಿಂದೆ ಏನೋ ಇದೆ ಎನ್ನಿಸಿತು. ಉಗುರ ಬಣ್ಣವಲ್ಲ. ಅದು ಗೊತ್ತಿತ್ತು, ಹಸೀನಾ ಕಲಿಸಿದ್ದಳು.

"ಮದಿವಿ ಮನಿ ಒಂದು," ಎಂದೆ.

"ಅಗಸಿ?"

"ಐದು... ಅಲ್ಲ, ನಾಕು."

"ಮಣ್ಣು?"

ಆ ಮಾತಿಗೆ ನಾನು ತಡೆದೆ. ಎರೆ ಮಣ್ಣಿಗೆ ಬಿದ್ದ ಮೊದಲ ಮಳೆ. ಯಂತ್ರಕ್ಕೆ ಆ ಮಾತು ಕಲಿಸಿದ ದಿನ ಗೌರಾಬಾಯಿ ಗ್ಲಾಸನ್ನು ಕೆಳಗಿಡದೆ ಬಹಳ ಹೊತ್ತು ಹಿಡಿದುಕೊಂಡು ನಿಂತಿದ್ದು ನೆನಪಾಯಿತು. ಇದೆಯೋ, ಇದ್ದರೆ ಎಷ್ಟಿದೆಯೋ, ಇರಲಿ ಎಂದು ನಾನೇ ಬಯಸುತ್ತಿದ್ದೇನೋ. ಯಾರಾದರೂ ಹೇಳಿಕೊಡಲಿ ಎಂದು ನನ್ನ ಕಣ್ಣುಗಳು ತಾವಾಗಿಯೇ ಎದ್ದು ಅವರ ಮುಖದ ಕಡೆ ಹೋದವು.

ಗೌರಾಬಾಯಿ ಸೆರಗನ್ನು ಎಳೆದು ಹಣೆಯಿಂದ ಗದ್ದದವರೆಗೆ ಮುಖ ಮುಚ್ಚಿಕೊಂಡರು.

"ಈಗ ಹೇಳು," ಎಂದರು ಒಳಗಿನಿಂದ.

ಕಣ್ಣು ಮುಚ್ಚಿದೆ. ಇನ್ನೊಂದು ಸಲ ಮೂಸಿದೆ.

"ಏಳು," ಎಂದೆ.

ನೋಟ್‌ಬುಕ್ ತೆರೆದು ಕೆಂಪು ಪೆನ್ನಿನಲ್ಲಿ ಏಳು ಎಂದು ಬರೆದೆ. ಶಾಯಿ ಆರುವವರೆಗೆ ಕಾದು, ಆಮೇಲೆ ಪರದೆಯನ್ನು ತಿರುಗಿಸಲು ಎದ್ದೆ.